ಅವರೇನು ತಪ್ಪು ಮಾಡಿದ್ರು ಅಂತ ಕೇಳೋ ಮುಂಚೆ

ಯಾರಿಗಾದ್ರೂ ಹಾರ್ಟ್ ಅಟ್ಯಾಕ್ ಆಯ್ತು ಅಂತ ಸುದ್ದಿ ಬಂದ್ರೆ ಮೊದಲು 'ಈಗ ಹೇಗಿದ್ದಾರೆ' ಅಂತ ಕೇಳ್ತೀವಿ, ಅದಕ್ಕೆ ಉತ್ತರ ಬರೋಕೂ ಮುಂಚೆನೇ ಎರಡನೇ ಪ್ರಶ್ನೆ ಬಾಯಿಂದ ಹೊರಗೆ ಬಂದಿರತ್ತೆ. ಸಿಗರೇಟ್ ಸೇದ್ತಿದ್ರಾ? ಶುಗರ್ ಇತ್ತಾ? ಟೆನ್ಷನ್ ಜಾಸ್ತಿ ತಗೋತಿದ್ರಾ? ಕ್ಯಾನ್ಸರ್ ಬಂದವ್ರ ಮನೆಗೆ ಹೋದಾಗ ಹೀಗೆ ಕೇಳೋಕೆ ಸ್ವಲ್ಪ ಹಿಂಜರೀತೀವಿ, ಹಣೆಬರಹ ಅಂತ ಸುಮ್ಮನಾಗ್ತೀವಿ, ಹಾರ್ಟ್ ವಿಷಯದಲ್ಲಿ ಮಾತ್ರ ಆ ಸಂಕೋಚ ಇಲ್ಲ. ಇಲ್ಲಿ ಕಾರಣ ಅಂದ್ರೆ ಅವರ ಬದುಕಿನ ರೀತಿ, ಅದನ್ನ ಹುಡುಕಿದ್ರೆ ಸಿಕ್ಕೇ ಸಿಗತ್ತೆ ಅಂತ ನಾವು ತೀರ್ಮಾನ ಮಾಡ್ಕೊಂಡೇ ಹೋಗಿರ್ತೀವಿ. ಇದು ಬಹಳ ಕಾಲದಿಂದ ನನ್ನ ತಲೆ ಕೊರೀತಿದೆ, ಅದರಲ್ಲೂ ರಕ್ತಕಣಗಳನ್ನ ಹುಟ್ಟಿಸೋ ಸ್ಟೆಮ್ ಸೆಲ್‌ಗಳಲ್ಲಿ ಆಗೋ ಮ್ಯುಟೇಷನ್‌ಗೂ, ಅಂದ್ರೆ ಡಿಎನ್‌ಎ ಬದಲಾವಣೆಗೂ, ಹಾರ್ಟ್ ಅಟ್ಯಾಕ್‌ಗೂ ಇರೋ ಸಂಬಂಧದ ಬಗ್ಗೆ ಓದೋಕೆ ಶುರು ಮಾಡಿದ ಮೇಲೆ ಇನ್ನೂ ಜಾಸ್ತಿ.

ನಮ್ಮ ಚಿಕ್ಕಪ್ಪನಿಗೆ ಅಟ್ಯಾಕ್ ಆದಾಗ ಐಸಿಯು ಹೊರಗೆ ಚಿಕ್ಕಮ್ಮ ಒಂದು ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತಿದ್ರು. ಕೈಯಲ್ಲಿ ನರ್ಸ್ ಕೊಟ್ಟಿದ್ದ ಒಂದು ಜಿಪ್ ಕವರ್, ಅದರೊಳಗೆ ಚಿಕ್ಕಪ್ಪನ ವಾಚು, ಕನ್ನಡಕ. ಬಂದವರೆಲ್ಲ ಪಕ್ಕದಲ್ಲಿ ಕೂತು ಭುಜದ ಮೇಲೆ ಕೈ ಇಟ್ಟು ಅದೇ ಪ್ರಶ್ನೆಗಳನ್ನ ಕೇಳೋರು, ಚಿಕ್ಕಮ್ಮ ಅದೇ ಉತ್ತರಗಳನ್ನ ಹೇಳೋರು. ಇಲ್ಲ, ಸೇದಲ್ಲ. ಇಲ್ಲ, ಕುಡಿಯಲ್ಲ. ಬಿಪಿ ಇಲ್ಲ, ಶುಗರ್ ಇಲ್ಲ, ಹೋದ ಸಲ ಚೆಕಪ್ ಮಾಡಿಸಿದಾಗ ಕೊಲೆಸ್ಟ್ರಾಲೂ ನಾರ್ಮಲ್ ಇತ್ತು, ದಿನಾ ವಾಕಿಂಗ್ ಹೋಗ್ತಿದ್ರು. ಕೇಳಿದವರಿಗೆ ಸಮಾಧಾನ ಆಗ್ತಿರಲಿಲ್ಲ. 'ಏನೋ ಒಂದು ಇರ್ಲೇಬೇಕಲ್ಲ' ಅಂತ ಹೇಳಿ ಎದ್ದು ಹೋಗೋರು, ಅವರು ಹೋದ ಮೇಲೂ ಆ ಮಾತು ಮಾತ್ರ ಅಲ್ಲೇ ಉಳ್ಕೊಳ್ಳೋದು. ಸಾಯಂಕಾಲದ ಹೊತ್ತಿಗೆ ಚಿಕ್ಕಮ್ಮ ತಾವೇ ಹುಡುಕೋಕೆ ಶುರು ಮಾಡಿದ್ರು. ಅಡುಗೆಗೆ ನಾನೇ ಎಣ್ಣೆ ಜಾಸ್ತಿ ಹಾಕ್ತಿದ್ನೇನೋ, ಆ ವಾರ ದುಡ್ಡಿನ ವಿಷಯಕ್ಕೆ ನಾನು ಅಷ್ಟು ಜೋರಾಗಿ ಮಾತಾಡಬಾರದಿತ್ತೇನೋ. ಚಿಕ್ಕಪ್ಪ ಸ್ಟೆಂಟ್ ಹಾಕಿಸ್ಕೊಂಡು ಮನೆಗೆ ಬಂದ್ರು, ಈಗ ಚೆನ್ನಾಗಿದ್ದಾರೆ. ಚಿಕ್ಕಮ್ಮನ ಆ ಲೆಕ್ಕಾಚಾರ ಮಾತ್ರ ಇವತ್ತಿಗೂ ಮುಗಿದಿಲ್ಲ.

ಚಿಕ್ಕಪ್ಪನ ರಕ್ತದಲ್ಲಿ ಇಂಥದ್ದೇ ಮ್ಯುಟೇಷನ್ ಇತ್ತು ಅಂತ ನಾನು ಹೇಳ್ತಿಲ್ಲ, ಅದನ್ನ ಯಾರೂ ಟೆಸ್ಟ್ ಮಾಡಿಲ್ಲ. ಆದ್ರೆ 'ಏನೋ ಒಂದು ಇರ್ಲೇಬೇಕು' ಅನ್ನೋದು ನಿಜ ಇರಬಹುದು, ಆ 'ಏನೋ ಒಂದು' ಅವರ ನಡತೆಯಲ್ಲೋ ಚಿಕ್ಕಮ್ಮನ ಅಡುಗೆಮನೆಯಲ್ಲೋ ಇರಲೇಬೇಕು ಅಂತೇನಿಲ್ಲ ಅನ್ನೋದಷ್ಟೇ ನಾನು ಹೇಳ್ತಿರೋದು. 52 ದೇಶಗಳಲ್ಲಿ ನಡೆದು 2004ರಲ್ಲಿ ಬಂದ ಇಂಟರ್‌ಹಾರ್ಟ್ ಅಧ್ಯಯನ ಧೂಮಪಾನ, ಬಿಪಿ, ಶುಗರ್, ಕೊಬ್ಬು ಇಂಥ ಒಂಬತ್ತು ಅಂಶಗಳು ಸೇರಿದ್ರೆ ಹೃದಯಾಘಾತದ ಅಪಾಯದ 90%ಗಿಂತ ಜಾಸ್ತಿ ಭಾಗವನ್ನ ವಿವರಿಸಬಹುದು ಅಂತ ಹೇಳಿತ್ತು, ಅದು ಇವತ್ತಿಗೂ ದೊಡ್ಡ ಮಾತೇ. ಆದ್ರೆ ಸ್ವೀಡನ್‌ನಲ್ಲಿ ದೊಡ್ಡ ಹಾರ್ಟ್ ಅಟ್ಯಾಕ್ ಆಗಿದ್ದ 62,048 ಜನರ ದಾಖಲೆ ನೋಡಿ 2021ರಲ್ಲಿ ಪ್ರಕಟ ಮಾಡಿದ ಲೆಕ್ಕದಲ್ಲಿ, ಸುಮಾರು 15% ಜನರಿಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಸಿಗರೇಟ್ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ. ಅಷ್ಟೇ ಅಲ್ಲ, ಮೊದಲ ಒಂದು ತಿಂಗಳಲ್ಲಿ ಸಾಯೋ ಸಾಧ್ಯತೆ ಇಂಥವರಲ್ಲೇ ಜಾಸ್ತಿ ಇತ್ತು. ಚಿಕ್ಕಮ್ಮನ ಹಾಗೆ ಉತ್ತರ ಸಿಗದೆ ಕೂತ ಮನೆಯವರು ಎಷ್ಟು ಜನ ಇರಬಹುದು ಅಂತ ಆ ಅಂಕಿ ನೋಡಿದಾಗ ನಂಗೆ ಮೊದಲ ಸಲ ಅನ್ನಿಸಿತು.

ಮೂಳೆಯ ಒಳಗೆ ನಡೆಯೋದು

ನಮ್ಮ ದೇಹದಲ್ಲಿ ದಿನಕ್ಕೆ ಸುಮಾರು 20,000 ಕೋಟಿ ಕೆಂಪು ರಕ್ತಕಣಗಳು ಹೊಸದಾಗಿ ಹುಟ್ಟತ್ವೆ. ಇಷ್ಟಕ್ಕೂ ಮೂಲ ಬೋನ್ ಮ್ಯಾರೋದಲ್ಲಿರೋ, ಅಂದ್ರೆ ಮೂಳೆಯೊಳಗಿನ ಮಜ್ಜೆಯಲ್ಲಿರೋ ಸ್ಟೆಮ್ ಸೆಲ್‌ಗಳು, ಅವುಗಳ ಸಂಖ್ಯೆ ಬರೀ 50,000ದಿಂದ 2 ಲಕ್ಷ ಅಂತ ಅಂದಾಜು. ಒಂದೊಂದು ಸ್ಟೆಮ್ ಸೆಲ್ಲೂ ವರ್ಷಕ್ಕೆ ಸುಮಾರು 17 ಮ್ಯುಟೇಷನ್ ಕೂಡಿಸ್ಕೊಳ್ತಾ ಹೋಗತ್ತೆ. ಯಾರೂ ಏನೂ ತಪ್ಪು ಮಾಡಬೇಕಾಗಿಲ್ಲ, ಬದುಕಿದ್ರೆ ಸಾಕು, ವಯಸ್ಸಾಗ್ತಾ ಇದು ಆಗೋದೇ. ಬಹುಪಾಲು ಮ್ಯುಟೇಷನ್‌ಗಳಿಂದ ಏನೂ ಆಗಲ್ಲ, ಡಿಎನ್‌ಎಯ ಯಾವುದೋ ಕೆಲಸಕ್ಕೆ ಬಾರದ ಜಾಗದಲ್ಲಿ ಒಂದು ಅಕ್ಷರ ಬದಲಾಗಿರತ್ತೆ ಅಷ್ಟೇ. ಅಪರೂಪಕ್ಕೆ ಒಂದು ಮ್ಯುಟೇಷನ್ ಡಿಎನ್‌ಎಂಟಿ3ಎ, ಟೆಟ್2, ಎಎಸ್‌ಎಕ್ಸ್‌ಎಲ್1 ಅನ್ನೋ ಜೀನ್‌ಗಳಲ್ಲಿ ಒಂದಕ್ಕೆ ಬಿದ್ದುಬಿಡತ್ತೆ. ಯಾವ ಜೀನ್ ಆನ್ ಇರಬೇಕು ಯಾವುದು ಆಫ್ ಇರಬೇಕು ಅಂತ ಡಿಎನ್‌ಎ ಮೇಲೆ ಗುರುತು ಹಾಕೋದು ಡಿಎನ್‌ಎಂಟಿ3ಎ ಕೆಲಸ, ಆ ಗುರುತು ಅಳಿಸೋಕೆ ಸಹಾಯ ಮಾಡೋದು ಟೆಟ್2. ಇವು ಕೆಟ್ಟಾಗ ಆ ಸ್ಟೆಮ್ ಸೆಲ್ ಸಾಯೋದಿಲ್ಲ, ಉಲ್ಟಾ ಪಕ್ಕದವುಗಳಿಗಿಂತ ಸ್ವಲ್ಪ ಜಾಸ್ತಿ ತನ್ನಂಥದ್ದನ್ನೇ ಹುಟ್ಟಿಸ್ತಾ ಹೋಗತ್ತೆ. ಒಂದು ಊರಲ್ಲಿ ನೂರು ಮನೆತನ ಇದ್ದು ಅದರಲ್ಲಿ ಒಂದೇ ಮನೆತನದಲ್ಲಿ ಪ್ರತಿ ತಲೆಮಾರಿಗೂ ಒಂದೊಂದು ಮಗು ಹೆಚ್ಚಿಗೆ ಹುಟ್ಟಿದ್ರೆ ಕೊನೆಗೆ ಅರ್ಧ ಊರು ಅವರೇ ಆಗಿರ್ತಾರಲ್ಲ, ಹಾಗೆ. ಇದಕ್ಕೆ ಡಾಕ್ಟರ್‌ಗಳು ಕ್ಲೋನಲ್ ಹೆಮಟೊಪೊಯೆಸಿಸ್ ಅಂತಾರೆ, ಹಾಗೆ ಒಂದೇ ಸೆಲ್‌ನಿಂದ ಬೆಳೆದ ಗುಂಪು ಅಂದ್ರೆ ಕ್ಲೋನ್. ರಕ್ತದ ಕ್ಯಾನ್ಸರ್ ಇಲ್ಲದೆ, ಬ್ಲಡ್ ಕೌಂಟ್ ಎಲ್ಲ ಸರಿಯಾಗೇ ಇದ್ದು, ಇಂಥ ಮ್ಯುಟೇಷನ್ ಮಾತ್ರ ರಕ್ತದಲ್ಲಿರೋ ಆ ಜೀನ್‌ನ ಪ್ರತಿಗಳಲ್ಲಿ 2% ಅಥವಾ ಜಾಸ್ತಿ ಪ್ರಮಾಣದಲ್ಲಿ ಕಂಡ್ರೆ ಅದನ್ನ 'ಚಿಪ್' ಅಂತ ಕರೆಯೋ ರೂಢಿ 2015ರಿಂದ ಬಂತು.

ವಯಸ್ಸಾದವರ ರಕ್ತದ ಬಗ್ಗೆ ಓದಿದ್ರಲ್ಲಿ ನಂಗೆ ತುಂಬ ಆಶ್ಚರ್ಯ ತಂದಿದ್ದು ನೆದರ್‌ಲ್ಯಾಂಡ್ಸ್‌ನ ಹೆಂಡ್ರಿಕ್ಯೆ ಫಾನ್ ಆಂಡೆಲ್-ಸ್ಖಿಪ್ಪರ್ ಅವರ ಕಥೆ. 2005ರಲ್ಲಿ ತೀರ್ಕೊಂಡಾಗ ಅವರಿಗೆ 115 ವರ್ಷ, ದೇಹವನ್ನ ವಿಜ್ಞಾನಕ್ಕೆ ಕೊಟ್ಟಿದ್ರು. ಅವರ ರಕ್ತವನ್ನ ಕೂಲಂಕಷವಾಗಿ ನೋಡಿ 2014ರಲ್ಲಿ ಪ್ರಕಟ ಮಾಡಿದ್ದೇನಂದ್ರೆ, ಬಿಳಿ ರಕ್ತಕಣಗಳಲ್ಲಿ ಬಹುಪಾಲು ಬರೀ ಎರಡು ಸ್ಟೆಮ್ ಸೆಲ್‌ಗಳಿಂದ ಬಂದಿದ್ವು, ಆ ಎರಡೂ ಒಂದಕ್ಕೊಂದು ಸಂಬಂಧ ಇರೋವೇ, ಅವುಗಳಲ್ಲಿ 450ರಷ್ಟು ಮ್ಯುಟೇಷನ್ ಇತ್ತು. ಅವರಿಗೆ ರಕ್ತದ ಕ್ಯಾನ್ಸರ್ ಇರಲಿಲ್ಲ. ಅಂದ್ರೆ ಮ್ಯುಟೇಷನ್‌ಗಳ ಸಂಖ್ಯೆ ದೊಡ್ಡದಿದ್ರೆ ಕಥೆ ಮುಗೀತು ಅಂತಲ್ಲ, ಯಾವ ಜೀನ್‌ನಲ್ಲಿ ಆಗಿದೆ ಅನ್ನೋದೇ ಮುಖ್ಯ. ಇದನ್ನ ಮುಂದೆ ಒಬ್ಬ ಗೆಳತಿಗೆ ವಿವರಿಸಬೇಕಾಗಿ ಬಂತು, ಆ ಮಾತಿಗೆ ಆಮೇಲೆ ಬರ್ತೀನಿ.

ಕ್ಯಾನ್ಸರ್ ಹುಡುಕ್ತಾ ಹೋದವರಿಗೆ ಹಾರ್ಟ್ ಸಿಕ್ಕಿದ್ದು

2014ರಲ್ಲಿ ಅಮೆರಿಕದ ಸಂಶೋಧಕರಾದ ಸಿದ್ಧಾರ್ಥ ಜೈಸ್ವಾಲ್, ಬೆಂಜಮಿನ್ ಎಬರ್ಟ್ ಮತ್ತವರ ಜೊತೆಗಾರರು 17,182 ಜನರ ರಕ್ತದ ಡಿಎನ್‌ಎ ಡೇಟಾ ತಗೊಂಡು ಲ್ಯುಕೇಮಿಯಾ ಥರದ ರಕ್ತದ ಕ್ಯಾನ್ಸರ್‌ಗೆ ಸಂಬಂಧ ಪಟ್ಟ ಮ್ಯುಟೇಷನ್‌ಗಳು ಆರೋಗ್ಯವಾಗಿರೋರಲ್ಲೂ ಇವೆಯಾ ಅಂತ ನೋಡಿದ್ರು. 40ರ ಒಳಗಿನವರಲ್ಲಿ ಅಪರೂಪ, 70ರಿಂದ 79ರವರಲ್ಲಿ 9.5%, 90 ದಾಟಿದವರಲ್ಲಿ 18.4%. ಇಂಥವರಿಗೆ ಮುಂದೆ ರಕ್ತದ ಕ್ಯಾನ್ಸರ್ ಬರೋ ಅಪಾಯ ಸುಮಾರು 11 ಪಟ್ಟು ಅಂತ ಬಂತು, ಅದನ್ನ ಹೆಚ್ಚುಕಮ್ಮಿ ನಿರೀಕ್ಷೆ ಮಾಡಿದ್ರು ಅಂತಲೇ ಇಟ್ಕೊಳ್ಳೋಣ. ಕೇಳೋಕೆ ಭಯ ಆಗೋ ಈ 11 ಪಟ್ಟು ಕೂಡ, ಮೂಲ ಅಪಾಯ ಅಷ್ಟು ಚಿಕ್ಕದಾಗಿರೋದ್ರಿಂದ, ವರ್ಷಕ್ಕೆ ನೂರರಲ್ಲಿ ಒಬ್ಬರೋ ಅದಕ್ಕಿಂತ ಕಮ್ಮಿನೋ ಅಷ್ಟೇ. ಇಲ್ಲೇ ಲೆಕ್ಕ ತಾಳೆ ಆಗದೆ ಹೋಗಿದ್ದು. ಮ್ಯುಟೇಷನ್ ಇದ್ದವರಲ್ಲಿ ಒಟ್ಟು ಸಾವಿನ ಅಪಾಯ 40% ಜಾಸ್ತಿ ಇತ್ತು, ಇಷ್ಟು ಅಪರೂಪದ ಕ್ಯಾನ್ಸರ್ ಅಷ್ಟು ಸಾವುಗಳಿಗೆ ಕಾರಣ ಆಗೋಕೆ ಸಾಧ್ಯನೇ ಇಲ್ಲ. ಹಾಗಾದ್ರೆ ಯಾವುದರಿಂದ ಸಾಯ್ತಿದ್ದಾರೆ ಅಂತ ಹುಡುಕಿದ್ರೆ ಹೃದಯದ ರಕ್ತನಾಳ ಕಟ್ಟಿಕೊಳ್ಳೋ ಕೊರೊನರಿ ಕಾಯಿಲೆ ಎರಡು ಪಟ್ಟು, ಮೆದುಳಿಗೆ ರಕ್ತ ಹೋಗೋದು ತಡೆದು ಆಗೋ ಇಸ್ಕೀಮಿಕ್ ಸ್ಟ್ರೋಕ್ 2.6 ಪಟ್ಟು. ರಕ್ತದ ಕ್ಯಾನ್ಸರ್ ಹುಡುಕೋಕೆ ಹೊರಟವರು ಹೃದಯದ ರಕ್ತನಾಳಕ್ಕೆ ಬಂದು ನಿಂತ್ರು. ಒಂದು ಸಂಖ್ಯೆ ಹೊಂದ್ತಿಲ್ಲ ಅಂತ ಅದನ್ನ ಬಿಟ್ಟು ಮುಂದೆ ಹೋಗದೆ ಬೆನ್ನು ಹತ್ತಿದ್ರಲ್ಲ, ಅವರ ಮೇಲೆ ನಂಗೆ ಅಪಾರ ಗೌರವ.

2017ರಲ್ಲಿ ಹೃದಯಾಘಾತ ಆದವರನ್ನ ಆಗದವರ ಜೊತೆ ಹೋಲಿಸಿ ಇನ್ನೊಂದು ಅಧ್ಯಯನ ಬಂತು, 50 ವರ್ಷದ ಒಳಗೆ ಆಗೋ ಅಟ್ಯಾಕ್‌ಗೆ ಈ ಮ್ಯುಟೇಷನ್ ಇದ್ದವರಲ್ಲಿ ಅಪಾಯ ನಾಲ್ಕು ಪಟ್ಟು. ಜಾಕ್2 ಅನ್ನೋ ಜೀನ್‌ನ ಒಂದು ಮ್ಯುಟೇಷನ್ ಇದ್ದವರಲ್ಲಂತೂ ಕೊರೊನರಿ ಕಾಯಿಲೆಯ ಅಪಾಯ 12 ಪಟ್ಟಿನ ಹತ್ತಿರ, ಅದರಲ್ಲಿ ರಕ್ತ ಹೆಪ್ಪುಗಟ್ಟೋ ಗುಣನೂ ಸೇರ್ಕೊಂಡಿರತ್ತೆ. ಅದೇ ವರ್ಷ ಬಾಸ್ಟನ್‌ನಲ್ಲಿ ಹೊಸೆ ಫುಸ್ಟರ್ ಮತ್ತು ಕೆನೆತ್ ವಾಲ್ಷ್ ತಂಡ ಇಲಿಗಳಲ್ಲಿ ಮಾಡಿದ ಕೆಲಸ ನಂಗೆ ಎಲ್ಲಕ್ಕಿಂತ ಸ್ಪಷ್ಟ ಅನ್ನಿಸತ್ತೆ. ಕೊಲೆಸ್ಟ್ರಾಲ್ ಜಾಸ್ತಿ ಆಗೋ ತಳಿಯ ಇಲಿಗಳ ಬೋನ್ ಮ್ಯಾರೋದಲ್ಲಿ ಬರೀ 10% ಮಾತ್ರ ಟೆಟ್2 ಇಲ್ಲದ ಸೆಲ್‌ಗಳನ್ನ ಸೇರಿಸಿದ್ರು, ಅವು ಬೆಳೀತಾ ಹೋದ್ವು, ರಕ್ತನಾಳದಲ್ಲಿ ಪ್ಲಾಕ್, ಅಂದ್ರೆ ಗೋಡೆಯಲ್ಲಿ ಕಟ್ಟಿಕೊಳ್ಳೋ ಕೊಬ್ಬಿನ ಗಡ್ಡೆ, ಬೇರೆ ಇಲಿಗಳಿಗಿಂತ ದೊಡ್ಡದಾಯ್ತು. ಕಾರಣ ಮ್ಯಾಕ್ರೊಫೇಜ್‌ಗಳು. ರಕ್ತದ ಬಿಳಿ ಕಣಗಳು ರಕ್ತನಾಳದ ಗೋಡೆಯೊಳಗೆ ನುಗ್ಗಿ ಮ್ಯಾಕ್ರೊಫೇಜ್ ಆಗಿ ಅಲ್ಲಿ ಸೇರಿದ ಕೊಬ್ಬನ್ನ ನುಂಗೋದು ಎಲ್ಲರಲ್ಲೂ ನಡೆಯೋದೇ, ಉರಿಯೂತ ಶುರು ಆದ್ಮೇಲೆ ಅದನ್ನ ನಿಲ್ಲಿಸೋದ್ರಲ್ಲಿ ಟೆಟ್2ಗೆ ಒಂದು ಪಾತ್ರ ಇದೆ. ಟೆಟ್2 ಕೆಟ್ಟಿರೋ ಮ್ಯಾಕ್ರೊಫೇಜ್ ನಿಲ್ಲಿಸಲ್ಲ, ಇಂಟರ್‌ಲ್ಯೂಕಿನ್-1 ಬೀಟಾ ಅನ್ನೋ ರಾಸಾಯನಿಕವನ್ನ ಸುರೀತಾನೇ ಇರತ್ತೆ, ಉರಿಯೂತ ಹೆಚ್ಚಾಗತ್ತೆ, ಪ್ಲಾಕ್ ಬೆಳೆಯತ್ತೆ. ಆ ದಾರಿಯನ್ನ ತಡೆಯೋ ಔಷಧಿ ಕೊಟ್ಟಾಗ ಆ ಹೆಚ್ಚುವರಿ ಪ್ಲಾಕ್ ಕಮ್ಮಿ ಆಯ್ತು.

ಇಲ್ಲಿ ಒಂದು ಮಾತು ಹೇಳ್ಲೇಬೇಕು, ಯಾಕಂದ್ರೆ ಈ ವಿಷಯ ಓದಿದ ಉತ್ಸಾಹದಲ್ಲಿ ಎಲ್ಲ ಹಾರ್ಟ್ ಅಟ್ಯಾಕ್‌ಗೂ ಇದೇ ಉತ್ತರ ಅನ್ನೋ ಹಾಗೆ ಬರೆಯೋರು ಇದ್ದಾರೆ. ಆಮೇಲೆ ಬ್ರಿಟನ್‌ನ ಯುಕೆ ಬಯೋಬ್ಯಾಂಕ್ ಅನ್ನೋ ಆರೋಗ್ಯ ಮಾಹಿತಿ ಸಂಗ್ರಹದ ಲಕ್ಷಾಂತರ ಜನರ ಡೇಟಾ ಮೇಲೆ ನಡೆದ ಲೆಕ್ಕಗಳಲ್ಲಿ ಈ ಸಂಬಂಧ ಮೊದಲು ಕಂಡ ಎರಡು ಪಟ್ಟಿಗಿಂತ ಎಷ್ಟೋ ದುರ್ಬಲವಾಗಿ ಕಂಡಿದೆ, 2022ರ ಒಂದು ದೊಡ್ಡ ವಿಶ್ಲೇಷಣೆಯಲ್ಲಂತೂ ಹೃದಯದ ಕಾಯಿಲೆ ಜೊತೆ ಹೇಳಿಕೊಳ್ಳುವಂಥ ಸಂಬಂಧನೇ ಸಿಗಲಿಲ್ಲ. ಧೂಮಪಾನ ಇಲ್ಲಿ ಲೆಕ್ಕವನ್ನ ಗೋಜಲು ಮಾಡತ್ತೆ, ಸಿಗರೇಟ್ ಸೇದೋರಲ್ಲಿ ಎಎಸ್‌ಎಕ್ಸ್‌ಎಲ್1 ಮ್ಯುಟೇಷನ್ ಜಾಸ್ತಿ, ಅವರಿಗೆ ಹಾರ್ಟ್ ಅಟ್ಯಾಕೂ ಜಾಸ್ತಿ, ಯಾವುದರಿಂದ ಯಾವುದು ಅಂತ ಬಿಡಿಸೋದು ಸುಲಭ ಅಲ್ಲ. ರಕ್ತನಾಳದ ಕಾಯಿಲೆನೇ ಬೋನ್ ಮ್ಯಾರೋವನ್ನ ಕೆಣಕಿ ಈ ಕ್ಲೋನ್‌ಗಳನ್ನ ಬೆಳೆಸ್ತಿರಬಹುದಲ್ಲ ಅನ್ನೋ ಉಲ್ಟಾ ಪ್ರಶ್ನೆನೂ ಇತ್ತು. ಮ್ಯಾಡ್ರಿಡ್‌ನಲ್ಲಿ ಕಾಯಿಲೆ ಇಲ್ಲದ ಮಧ್ಯವಯಸ್ಕರ ರಕ್ತನಾಳಗಳನ್ನ ವರ್ಷಗಟ್ಟಲೆ ಸ್ಕ್ಯಾನ್ ಮಾಡ್ತಾ ಬಂದ ಪೆಸಾ ಅಧ್ಯಯನ 2024ರಲ್ಲಿ ಇದಕ್ಕೆ ಉತ್ತರ ಕೊಟ್ಟಿತು. ಮ್ಯುಟೇಷನ್ ಮೊದಲೇ ಇದ್ದವರಲ್ಲಿ ಆಮೇಲೆ ತೊಡೆಯ ರಕ್ತನಾಳದಲ್ಲಿ ಹೊಸ ಪ್ಲಾಕ್ ಬರೋದು ಜಾಸ್ತಿ ಇತ್ತು, ಪ್ಲಾಕ್ ಮೊದಲೇ ಇದ್ದವರಲ್ಲಿ ಕ್ಲೋನ್ ವೇಗವಾಗಿ ಬೆಳೀಲಿಲ್ಲ. ಇಷ್ಟೆಲ್ಲ ನೋಡಿದ ಮೇಲೆ ನನ್ನ ಅಭಿಪ್ರಾಯ ಏನಂದ್ರೆ, ಸಂಬಂಧ ನಿಜ, ಆದ್ರೆ ಎಲ್ಲ ಮ್ಯುಟೇಷನ್‌ಗೂ ಒಂದೇ ತೂಕ ಇಲ್ಲ. ಟೆಟ್2, ಜಾಕ್2 ಥರದವು, ಅದೂ ಕ್ಲೋನ್ ದೊಡ್ಡದಾಗಿದ್ದಾಗ, ಗಂಭೀರ. ಚಿಕ್ಕ ಕ್ಲೋನ್‌ಗಳಿಗೆ ಅಷ್ಟು ಹೆದರಬೇಕಾಗಿಲ್ಲ.

ಗೆಳತಿಯ ರಿಪೋರ್ಟ್

ವರ್ಷಗಳ ಹಿಂದೆ ಲಿಂಫೋಮಾ ಅನ್ನೋ ಕ್ಯಾನ್ಸರ್‌ಗೆ ಕೀಮೋ ಮುಗಿಸಿದ್ದ ಗೆಳತಿಯೊಬ್ಬಳಿಗೆ ಪ್ಲೇಟ್‌ಲೆಟ್ ಸ್ವಲ್ಪ ಕಮ್ಮಿ ಬಂತು ಅಂತ ಡಾಕ್ಟರ್ ಜೀನ್ ಟೆಸ್ಟ್ ಬರೆದುಕೊಟ್ಟಿದ್ರು. ಒಂದು ಸಂಜೆ ಆ ರಿಪೋರ್ಟ್ ತಗೊಂಡು ಬಂದ್ಲು. ಪುಟಗಟ್ಟಲೆ ಅಕ್ಷರ, ಅದರಲ್ಲಿ ಲೆಕ್ಕಕ್ಕೆ ಬರೋದು ಒಂದೇ ಸಾಲು, ಪಿಪಿಎಂ1ಡಿ ಅಂತ ಜೀನ್ ಹೆಸರು, ಪಕ್ಕದಲ್ಲಿ ವಿಎಎಫ್ 6%, ಅಂದ್ರೆ ರಕ್ತದಲ್ಲಿರೋ ಆ ಜೀನ್‌ನ ಪ್ರತಿಗಳಲ್ಲಿ ಬದಲಾಗಿರೋವು ಎಷ್ಟು ಅನ್ನೋ ಲೆಕ್ಕ. ಅವಳು ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ಎರಡು ಸಲ ಗೆರೆ ಎಳೆದಿದ್ಲು. ನೂರಕ್ಕೆ ಆರು ಸೆಲ್ ಕೆಟ್ಟಿದೆ ಅಂತಾನಾ ಅಂತ ಕೇಳಿದ್ಲು. ಅಲ್ಲ, ಪ್ರತಿ ಸೆಲ್‌ನಲ್ಲೂ ಆ ಜೀನ್‌ನ ಎರಡು ಪ್ರತಿ ಇರತ್ತೆ, ಸಾಮಾನ್ಯವಾಗಿ ಒಂದರಲ್ಲಿ ಮಾತ್ರ ಬದಲಾವಣೆ ಆಗಿರತ್ತೆ, ಹಾಗಾಗಿ ಆರನ್ನ ದುಪ್ಪಟ್ಟು ಮಾಡ್ಬೇಕು, ಟೆಸ್ಟ್ ಮಾಡಿದ ರಕ್ತದ ಸೆಲ್‌ಗಳಲ್ಲಿ ನೂರಕ್ಕೆ ಸುಮಾರು ಹನ್ನೆರಡು ಅಂತ ಹೇಳಿದೆ. ಹೇಳಿದ ಮೇಲೆ ಅವಳ ಮುಖ ನೋಡಿ ಸ್ವಲ್ಪ ನಿಧಾನಕ್ಕೆ ಹೇಳ್ಬಹುದಿತ್ತು ಅನ್ನಿಸ್ತು. ಅದರ ಮುಂದಿನ ಪ್ರಶ್ನೆ ತನ್ನ ಬಗ್ಗೆ ಅಲ್ಲ, ಮಗನ ಬಗ್ಗೆ. ಇದು ಅವನಿಗೆ ಹೋಗತ್ತಾ? ಇಲ್ಲ, ಇದು ಅಪ್ಪ ಅಮ್ಮನಿಂದ ಬಂದಿದ್ದಲ್ಲ, ನಿನ್ನ ಬೋನ್ ಮ್ಯಾರೋದ ಒಂದು ಸೆಲ್‌ನಲ್ಲಿ ಯಾವಾಗಲೋ ಆಗಿದ್ದು, ಅದು ಅಲ್ಲೇ ಇರತ್ತೆ, ಮಕ್ಕಳಿಗೆ ದಾಟಲ್ಲ. ಆಗ ಅವಳು ಕುರ್ಚಿಗೆ ಒರಗಿದ್ಲು, ಅಲ್ಲಿವರೆಗೂ ತುದಿಯಲ್ಲೇ ಕೂತಿದ್ಲು.

ಆಮೇಲೆ ಬಂತು ಆ ಪ್ರಶ್ನೆ, 'ಹಾಗಾದ್ರೆ ಕೀಮೋ ತಗೊಂಡಿದ್ದೇ ತಪ್ಪಾಯ್ತಾ?' ಐಸಿಯು ಮುಂದೆ ಚಿಕ್ಕಮ್ಮ ಹುಡುಕ್ತಿದ್ದಿದ್ದೂ ಇದನ್ನೇ, ತಪ್ಪು ಎಲ್ಲಾಯ್ತು ಅನ್ನೋದನ್ನ. ಕೀಮೋ ಆದವರಲ್ಲಿ ಪಿಪಿಎಂ1ಡಿ, ಟಿಪಿ53 ಅನ್ನೋ ಜೀನ್‌ಗಳ ಮ್ಯುಟೇಷನ್‌ಗಳು ಜಾಸ್ತಿ ಕಾಣೋದು ನಿಜ. ಆದ್ರೆ ಹೆಚ್ಚಿನ ಸಲ ಕೀಮೋ ಅದನ್ನ ಹುಟ್ಟಿಸಿರಲ್ಲ, ಮೊದಲೇ ಒಂದು ಮೂಲೆಯಲ್ಲಿ ಇದ್ದ ಆ ಸೆಲ್ ಕೀಮೋ ಹೊಡೆತವನ್ನ ತಡ್ಕೊಂಡಿರತ್ತೆ, ಪಕ್ಕದವು ತಡ್ಕೊಂಡಿರಲ್ಲ, ಖಾಲಿಯಾದ ಜಾಗದಲ್ಲಿ ಅದು ಬೆಳೆದಿರತ್ತೆ. ಮತ್ತೆ ಆ ಕೀಮೋ ಇಲ್ಲದಿದ್ರೆ ಅವಳು ಅವತ್ತು ನನ್ನ ಎದುರು ಕೂತಿರ್ತಿರಲಿಲ್ಲ. ಇದನ್ನ ನಾನು ಹೇಳಿದ್ದಕ್ಕಿಂತ ಅವಳ ಡಾಕ್ಟರ್ ಚೆನ್ನಾಗಿ ಹೇಳಿದ್ರು, ಅವಸರ ಮಾಡದೆ, ಅವಳ ಎಲ್ಲ ಪ್ರಶ್ನೆಗೂ ಕೂತು ಉತ್ತರ ಕೊಟ್ಟು. ಕ್ಲೋನ್‌ಗೆ ಅಂತಲೇ ಇರೋ ಮಾತ್ರೆ ಇವತ್ತು ಇಲ್ಲ ಅಂತ ನೇರವಾಗಿ ಹೇಳಿದ್ರು. ಆಗಾಗ ಬ್ಲಡ್ ಕೌಂಟ್ ನೋಡೋಣ, ಬಿಪಿ ಮತ್ತು ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ವಿಷಯದಲ್ಲಿ ನಿಮಗೆ ಬೇರೆಯವರಿಗಿಂತ ಸ್ವಲ್ಪ ಬಿಗಿಯಾಗಿ ಇರೋಣ, ಕೀಮೋದಲ್ಲಿ ಹಾರ್ಟ್‌ಗೆ ಭಾರ ಆಗೋ ಔಷಧಿನೂ ಇತ್ತಾದ್ರಿಂದ ಎಕೋ, ಅಂದ್ರೆ ಹಾರ್ಟ್ ಸ್ಕ್ಯಾನ್, ಮಾಡಿಸೋಣ ಅಂದ್ರು. ಎಲ್‌ಡಿಎಲ್ ಮೀರಿತ್ತು, ಅದನ್ನ ಇಳಿಸೋ ಸ್ಟ್ಯಾಟಿನ್ ಮಾತ್ರೆ ಶುರು ಮಾಡಿದ್ರು.

ಈ ಮಾತನ್ನ ನಾನು ಒತ್ತಿ ಹೇಳೋದು ಯಾಕಂದ್ರೆ, ಮ್ಯುಟೇಷನ್ ಅನ್ನೋದು ಆಕಸ್ಮಿಕ ಅಂತ ಕೇಳಿದ ತಕ್ಷಣ 'ಹಾಗಿದ್ರೆ ಎಲ್ಲಾ ಹಣೆಬರಹ, ಸೇದಿದ್ರೇನು ಬಿಟ್ರೇನು' ಅನ್ನೋರೂ ಸಿಗ್ತಾರೆ. ಆ ಇಲಿಗಳನ್ನ ನೆನಪಿಸ್ಕೊಳ್ಳಿ, ಕೊಲೆಸ್ಟ್ರಾಲ್ ಜಾಸ್ತಿ ಇದ್ದ ಇಲಿಗಳಲ್ಲಿ ಪ್ಲಾಕ್ ಬೆಳೆದಿದ್ದು, ಕೆಟ್ಟ ಮ್ಯಾಕ್ರೊಫೇಜ್‌ಗೂ ರಕ್ತನಾಳದ ಗೋಡೆಯಲ್ಲಿ ಕೊಬ್ಬು ಬೇಕೇ ಬೇಕು. ಯಾರ ಮ್ಯಾರೋದಲ್ಲಿ ಏನಿದೆ ಅಂತ ಗೊತ್ತಿಲ್ಲದಿದ್ರೂ ಸಿಗರೇಟ್ ಬಿಡೋದ್ರಿಂದ, ಬಿಪಿ ಇಳಿಸೋದ್ರಿಂದ, ಎಲ್‌ಡಿಎಲ್ ತಗ್ಗಿಸೋದ್ರಿಂದ ಆಗೋ ಲಾಭ ಒಂದು ಚೂರೂ ಕಮ್ಮಿ ಆಗಲ್ಲ. ಬದಲಾಗಬೇಕಾಗಿರೋದು ಕಾಯಿಲೆ ಬಂದವರ ಹತ್ತಿರ ನಾವು ಮಾತಾಡೋ ರೀತಿ. ತಡೆಯೋಕೆ ಏನು ಮಾಡ್ಬೇಕು ಅಂತ ಹೇಳೋದು ಬೇರೆ, ಬಂದಿದ್ದಕ್ಕೆ ನೀವೇ ಕಾರಣ ಅಂತ ಕೂರಿಸಿ ವಿಚಾರಣೆ ಮಾಡೋದು ಬೇರೆ. ಮೊದಲನೇದು ಆರೋಗ್ಯವಾಗಿರೋರಿಗೆ ಹೇಳ್ಬೇಕಾದ್ದು, ಅದನ್ನ ತಗೊಂಡುಹೋಗಿ ಐಸಿಯು ಮುಂದೆ ಕೂತಿರೋ ಹೆಂಡತಿಗೆ ಹೇಳಿದ್ರೆ ಯಾರಿಗೂ ಉಪಯೋಗ ಇಲ್ಲ, ಅವಳಿಗೆ ಮಾತ್ರ ಗಾಯ.

ಎಲ್ಲರೂ ಟೆಸ್ಟ್ ಮಾಡಿಸ್ಬೇಕಾ?

ಇದನ್ನ ಓದಿದವರು ಕೇಳೇ ಕೇಳ್ತಾರೆ. ನನ್ನ ಪ್ರಕಾರ ಬೇಡ, ಸದ್ಯಕ್ಕಂತೂ ಬೇಡ. ಆರೋಗ್ಯವಾಗಿರೋ ಎಪ್ಪತ್ತು ವರ್ಷದ ಹತ್ತು ಜನರನ್ನ ಟೆಸ್ಟ್ ಮಾಡಿದ್ರೆ ಸುಮಾರು ಒಬ್ಬರಿಗೆ ಏನೋ ಸಿಗತ್ತೆ, ಸಿಕ್ಕಿದ ಮೇಲೆ ಅವರಿಗೆ ಹೇಳೋ ಸಲಹೆ ಉಳಿದ ಒಂಬತ್ತು ಜನಕ್ಕೂ ಹೇಳಬೇಕಾದ್ದೇ, ಆ ಒಬ್ಬರಿಗೆ ಮಾತ್ರ ರಾತ್ರಿ ನಿದ್ದೆ ಹೋಗಿರತ್ತೆ. ಬ್ಲಡ್ ಕೌಂಟ್ ಏರುಪೇರಾದವರು, ಕೀಮೋ ರೇಡಿಯೇಷನ್ ಆದವರು, ಇಂಥವರ ವಿಷಯ ಬೇರೆ, ಅಲ್ಲಿ ಡಾಕ್ಟರ್ ಹೇಳಿದ್ರೆ ಮಾಡಿಸೋದ್ರಲ್ಲಿ ಅರ್ಥ ಇದೆ.

ಔಷಧಿ ಬಂದ್ರೆ ಈ ಉತ್ತರ ಬದಲಾಗತ್ತೆ, ಅದು ತೀರಾ ದೂರದ ಮಾತೂ ಅಲ್ಲ. ಇಂಟರ್‌ಲ್ಯೂಕಿನ್-1 ಬೀಟಾವನ್ನ ತಡೆಯೋ ಕನಕಿನುಮ್ಯಾಬ್ ಅನ್ನೋ ಇಂಜೆಕ್ಷನ್‌ನ ಮೊದಲೇ ಅಟ್ಯಾಕ್ ಆಗಿದ್ದು ಉರಿಯೂತನೂ ಜಾಸ್ತಿ ಇದ್ದ 10,061 ಜನರಲ್ಲಿ ಪ್ರಯೋಗ ಮಾಡಿದ್ರು, 2017ರಲ್ಲಿ ಬಂದ ಆ ಕ್ಯಾಂಟೋಸ್ ಪ್ರಯೋಗದಲ್ಲಿ 150 ಮಿಲಿಗ್ರಾಂ ಡೋಸ್‌ಗೆ ಮತ್ತೆ ಅಟ್ಯಾಕ್, ಸ್ಟ್ರೋಕ್, ಹೃದಯದಿಂದ ಸಾವು ಇವೆಲ್ಲ ಸೇರಿ 15% ಕಮ್ಮಿ ಆಯ್ತು, ಜೊತೆಗೆ ಸೋಂಕಿನಿಂದ ಸಾಯೋರು ಸ್ವಲ್ಪ ಜಾಸ್ತಿ ಆದ್ರು, ಹಾಗಾಗಿ ಹೃದಯದ ಔಷಧಿಯಾಗಿ ಅದು ಬಳಕೆಗೆ ಬರಲಿಲ್ಲ. ಆಮೇಲೆ ಅದೇ ಪ್ರಯೋಗದ ರಕ್ತದ ಸ್ಯಾಂಪಲ್‌ಗಳನ್ನ ತೆಗೆದು ನೋಡಿದಾಗ ಟೆಟ್2 ಮ್ಯುಟೇಷನ್ ಇದ್ದವರಲ್ಲಿ ಲಾಭ ಎಷ್ಟೋ ಜಾಸ್ತಿ ಕಂಡಿತು, ಅಂಥವರ ಸಂಖ್ಯೆ ತುಂಬ ಚಿಕ್ಕದು, ಮುಗಿದ ಪ್ರಯೋಗವನ್ನ ಹಿಂದಿರುಗಿ ನೋಡಿದ ಲೆಕ್ಕ, ಅದರ ಮೇಲೆ ಚಿಕಿತ್ಸೆ ಕಟ್ಟೋಕೆ ಆಗಲ್ಲ. ಗೌಟ್ ಅನ್ನೋ ಕೀಲುನೋವಿನ ಕಾಯಿಲೆಗೆ ಬಹಳ ಹಿಂದಿನಿಂದ ಕೊಡ್ತಾ ಬಂದಿರೋ ಕಾಲ್ಚಿಸಿನ್ ಮಾತ್ರೆಯ ಚಿಕ್ಕ ಡೋಸ್‌ಗೆ ಅಮೆರಿಕದಲ್ಲಿ 2023ರಲ್ಲಿ ಹೃದಯದ ಅಪಾಯ ಕಮ್ಮಿ ಮಾಡೋಕೆ ಅನುಮತಿ ಸಿಕ್ಕಿದೆ, ಟೆಟ್2 ಕೆಟ್ಟ ಇಲಿಗಳಲ್ಲಿ ಅದು ಪ್ಲಾಕ್ ಬೆಳೆಯೋದನ್ನ ತಡೆದಿದ್ದೂ ಆಗಿದೆ. ಇನ್ನು ಬೇಕಾಗಿರೋದು ಮ್ಯುಟೇಷನ್ ಇದೆ ಅಂತ ಮೊದಲೇ ಗೊತ್ತು ಮಾಡ್ಕೊಂಡು, ಅಂಥವರನ್ನೇ ಸೇರಿಸ್ಕೊಂಡು, ಅರ್ಧ ಜನಕ್ಕೆ ಔಷಧಿ ಅರ್ಧ ಜನಕ್ಕೆ ಡಮ್ಮಿ ಮಾತ್ರೆ ಕೊಟ್ಟು ಅಟ್ಯಾಕ್ ನಿಜಕ್ಕೂ ಕಮ್ಮಿ ಆಗತ್ತಾ ಅಂತ ನೋಡೋ ದೊಡ್ಡ ಪ್ರಯೋಗ. ಅಂಥದ್ದಕ್ಕೆ ಯಾರಾದ್ರೂ ಕರೆದ್ರೆ ತಾನು ಹೆಸರು ಕೊಡ್ತೀನಿ ಅಂತ ಗೆಳತಿ ಡಾಕ್ಟರ್‌ಗೆ ಆಗಲೇ ಹೇಳಿಟ್ಟಿದ್ದಾಳೆ.